ನಾನೇ ಬರೆದು ಹಾಕಿದ ದಾವೆಯನ್ನು ಕೋರ್ಟ್ ಬಾಗಿಲಲ್ಲೇ ತಿರಸ್ಕರಿಸಿತು. ಮುಂದೇನು?

ಪ್ರಶ್ನೆ: ನಾನು ಕೊಡಗಿನ ಒಬ್ಬ ಸಣ್ಣ ಬೆಳೆಗಾರ. 2 ಎಕರೆ 40 ಸೆಂಟು ಕಾಫಿ ತೋಟವಿದೆ. ತೋಟದ ಮೇಲಿನ ರಸ್ತೆ ಅಗಲ ಮಾಡುವಾಗ ಬರೆ (ಪಕ್ಕದ ಮಣ್ಣಿನ ದಿಬ್ಬ) ಕಡಿದು, ಹೊಸ ಮೋರಿ ಇಟ್ಟು, ನೀರನ್ನೆಲ್ಲ ನಮ್ಮ ಕಡೆ ತಿರುಗಿಸಿದರು. ಪ್ರತಿ ಮಳೆಗಾಲ ಮಣ್ಣು, ನೀರು ತೋಟಕ್ಕೆ ನುಗ್ಗುತ್ತಿದೆ. ಜಾಗದ ಒಂದು ಭಾಗ ಪಹಣಿಯಲ್ಲಿ ಪೈಸಾರಿ, ಅಂದರೆ ಸರ್ಕಾರಿ ಜಾಗ, ಎಂದು ಬಂದಿದೆ. 2018ರ ಮಳೆಯಲ್ಲಿ ಬಿದ್ದ ಲೈನ್‌ಮನೆಗೂ (ತೋಟದ ಕೆಲಸಗಾರರ ಮನೆ) ಪರಿಹಾರ ಬರಲಿಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ವಕೀಲರಿಲ್ಲದೆ ನಾನೇ 34 ಪುಟ ಬರೆದು ಸರ್ಕಾರದ ಮೇಲೆ ದಾವೆ ಹಾಕಿದೆ. ಸಾಕ್ಷಿ ಕೇಳಲಿಲ್ಲ. 'ವ್ಯಾಜ್ಯಕಾರಣ ಕಾಣುವುದಿಲ್ಲ, ಸೆಕ್ಷನ್ 80ರ ನೋಟಿಸ್ ಕೊಟ್ಟಿಲ್ಲ' ಎಂದು ನಾನು ಬರೆದುಕೊಟ್ಟ ವಾದಪತ್ರವನ್ನೇ ತಿರಸ್ಕರಿಸಿದರು. ಎದುರಿಗೆ ಸರ್ಕಾರ ಇದ್ದದ್ದಕ್ಕೆ ಹೀಗಾಯಿತಾ? ವಕೀಲರಿಲ್ಲ ಅಂತಲಾ? ಕನ್ನಡದಲ್ಲಿ ಬರೆದದ್ದು ತಪ್ಪಾ? ಮತ್ತೆ ಹೋಗಬಹುದಾ? ವಾದಪತ್ರದ ಜೆರಾಕ್ಸ್ ಕಳಿಸಿದ್ದೇನೆ. ಹೆಸರು ಹಾಕಬೇಡಿ.

ಉತ್ತರ: ನೀವು ಕಳಿಸಿದ 34 ಪುಟವನ್ನೂ ಎರಡು ಸಲ ಓದಿದೆ. ನಿಮ್ಮ ಎದೆಭಾರ ಸ್ವಲ್ಪ ಇಳಿಯುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕೇಸ್ ಸೋತಿಲ್ಲ.

ದಾವೆ ವಜಾ ಆಗುವುದು ಬೇರೆ, ವಾದಪತ್ರ ತಿರಸ್ಕಾರ ಆಗುವುದು ಬೇರೆ. ಸಾಕ್ಷಿ ಕೇಳಿ, ದಾಖಲೆ ನೋಡಿ, 'ನಿನಗೆ ಈ ಹಕ್ಕಿಲ್ಲ' ಎಂದು ತೀರ್ಪು ಬಂದರೆ ಅದೇ ವಿಷಯಕ್ಕೆ ಮತ್ತೆ ದಾವೆ ಹಾಕಲು ಆಗುವುದಿಲ್ಲ. ನಿಮ್ಮ ವಿಷಯದಲ್ಲಿ ಕೋರ್ಟ್ ಅಷ್ಟು ದೂರ ಹೋಗಿಯೇ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 11 ಅಂತ ಒಂದಿದೆ. ವಾದಪತ್ರ ಓದಿದಾಗ ದಾವೆ ಹಾಕಲು ಕಾರಣ ಕಾಣದಿದ್ದರೆ, ಕೋರ್ಟ್ ಕೊಟ್ಟ ಗಡುವಿನೊಳಗೆ ಕೋರ್ಟ್ ಶುಲ್ಕ ಸರಿಮಾಡದಿದ್ದರೆ, ಅಥವಾ ಯಾವುದಾದರೂ ಕಾನೂನು ಆ ದಾವೆಗೆ ಅಡ್ಡ ಇದ್ದರೆ, ಅದನ್ನು ಅಲ್ಲೇ ತಿರಸ್ಕರಿಸಬೇಕು ಎನ್ನುತ್ತದೆ. ಅದೇ ಆದೇಶ 7ರ ನಿಯಮ 13 ನಿಮಗೆ ಬೇಕಾದದ್ದು. ಹೀಗೆ ತಿರಸ್ಕಾರವಾದ ಮೇಲೂ ಅದೇ ಕಾರಣಕ್ಕೆ ಹೊಸ ವಾದಪತ್ರ ಹಾಕಬಹುದು, ಕಾಲಾವಧಿ ಮುಗಿದಿರಬಾರದು, ಅಷ್ಟೇ.

ಸರ್ಕಾರ ಎದುರಿಗಿದ್ದದ್ದಕ್ಕೆ ಹೀಗಾಯಿತು ಎಂಬ ಅನುಮಾನ ಬಿಡಿ. ಈ ನಿಯಮ ಎಲ್ಲರಿಗೂ ಒಂದೇ. ಇದರ ಬಗ್ಗೆ ವಕೀಲರು ಇವತ್ತಿಗೂ ಹಿಡಿದು ವಾದ ಮಾಡುವ 1977ರ ಅರಿವಂದಂದಂ ತೀರ್ಪು ಬೆಂಗಳೂರಿನ ಒಂದು ಬಾಡಿಗೆ ಕಟ್ಟಡದ ಜಗಳದಿಂದ ಬಂದದ್ದು. ಖಾಸಗಿಯವರ ನಡುವಿನ ಕೇಸು. ವಾದಪತ್ರವನ್ನು ಮೇಲುಮೇಲೆ ಓದಬೇಡಿ, ಅದರ ಒಳಗೆ ನಿಜವಾಗಿ ಒಂದು ಹಕ್ಕು ಇದೆಯಾ ನೋಡಿ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಕೆಳಗಿನ ಕೋರ್ಟ್‌ಗಳಿಗೆ ಹೇಳಿತು.

ಈಗ ನಿಮ್ಮ ವಾದಪತ್ರಕ್ಕೆ ಬರೋಣ. ಆರನೇ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: 'ಬಹಳ ವರ್ಷಗಳಿಂದ ಪ್ರತಿವಾದಿಗಳೆಲ್ಲರೂ ಸೇರಿ ನಮ್ಮಂಥ ಬಡ ಬೆಳೆಗಾರರ ಮೇಲೆ ದಬ್ಬಾಳಿಕೆ ನಡೆಸುತ್ತಿದ್ದಾರೆ. ರಸ್ತೆಯ ಹೆಸರಿನಲ್ಲಿ ನಮ್ಮ ಜೀವನವನ್ನೇ ಹಾಳು ಮಾಡಿದ್ದಾರೆ. ತುಂಬಾ ನಷ್ಟವಾಗಿದೆ.'

ಇದು ಸುಳ್ಳು ಅಂತ ನಾನು ಹೇಳುವುದಿಲ್ಲ. ಓದಿದಾಗ ನನಗೂ ಸಂಕಟವಾಯಿತು. ಆದರೆ ನ್ಯಾಯಾಧೀಶರು ಕೊನೆಗೆ ಒಂದು ಆದೇಶ ಬರೆಯಬೇಕು. ಯಾರು ಮಾಡಿದರು? ಯಾವ ದಿನ? ಯಾವ ಸರ್ವೆ ನಂಬರಿನಲ್ಲಿ? ಎಷ್ಟು ಗಿಡ ಹೋಯಿತು? ಆ ಪುಟ ಇಟ್ಟುಕೊಂಡು ಯಾವ ಇಲಾಖೆಗೆ ಏನು ಮಾಡು ಅಂತ ಬರೆಯುವುದು? ಎದುರು ಪಕ್ಷದವರಾದರೂ ಯಾವುದಕ್ಕೆ ಉತ್ತರ ಕೊಡಬೇಕು?

ಈಗ ಪುಟ 19 ನೋಡಿ. ಅಲ್ಲಿ ನಿಮ್ಮ ಮಳೆ ಪುಸ್ತಕದ ಒಂದು ಹಾಳೆಯ ಜೆರಾಕ್ಸ್ ಅಂಟಿಸಿದ್ದೀರಿ. ತಾರೀಕಿನ ಎದುರಿಗೆ ಆ ದಿನದ ಮಳೆ, '7 ಇಂಚು 85 ಸೆಂಟು' (ಇಲ್ಲಿ ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು). ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ಸಣ್ಣ ಅಕ್ಷರದಲ್ಲಿ, 'ಬೆಳಿಗ್ಗೆ ಮೋರಿ ನೀರು ಕಣದವರೆಗೆ. ಕೆಳಗಿನ ಸಾಲು ಕಾಫಿ 22 ಗಿಡ ಮಣ್ಣಡಿ. ಮೆಣಸು ಬಳ್ಳಿ 9.' ಇಡೀ 34 ಪುಟದಲ್ಲಿ ಕೋರ್ಟ್‌ಗೆ ಬೇಕಾಗಿದ್ದದ್ದು ಈ ಒಂದೂವರೆ ಸಾಲು. ಅದನ್ನು ನೀವು ವಾದಪತ್ರದ ಒಳಗೆ ಬರೆದೇ ಇಲ್ಲ! ಜೆರಾಕ್ಸ್ ಆಗಿ ಹಿಂದೆ ಸಿಕ್ಕಿಸಿದ್ದೀರಿ, 'ದಾಖಲೆ ಲಗತ್ತಿಸಿದೆ' ಅಂತ ಮಾತ್ರ ಹೇಳಿದ್ದೀರಿ.

ನಮ್ಮ ಜಿಲ್ಲೆಯಲ್ಲಿ ಮಳೆ ಲೆಕ್ಕ ಬರೆಯದ ತೋಟದ ಮನೆ ಕಡಿಮೆ. ಹೂಮಳೆ ಯಾವತ್ತು ಬಂತು, ಅದರ ಹಿಂದೆ ಬರುವ ಬ್ಯಾಕಿಂಗ್ ಮಳೆ ಎಷ್ಟು ಬಿತ್ತು, ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಒಟ್ಟು ಎಷ್ಟು ಇಂಚು, ಎಲ್ಲ ಇರುತ್ತದೆ. ಒಂದು ಸೆಂಟು ತಪ್ಪುವುದಿಲ್ಲ. ಅಷ್ಟು ಕರಾರುವಾಕ್ಕಾಗಿ ಬರೆಯುವ ಕೈ ಕೋರ್ಟ್‌ಗೆ ಬರೆಯುವಾಗ 'ಬಹಳ ವರ್ಷಗಳಿಂದ', 'ತುಂಬಾ ನಷ್ಟ' ಅಂತ ಬರೆಯುತ್ತದೆ. ಕೋರ್ಟ್ ಭಾಷೆ ಅಂದರೆ ದೊಡ್ಡ ಭಾಷೆ ಇರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದು ನಿಜವಲ್ಲ. ನಿಮ್ಮ ಮಳೆ ಪುಸ್ತಕದ ಭಾಷೆಯೇ ಸರಿಯಾದ ಭಾಷೆ.

ಆ ಆರನೇ ಪುಟವನ್ನು ಹೀಗೆ ಬರೆಯಬಹುದಿತ್ತು. 'ವಾದಿಯ ತೋಟ ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿದೆ, ಚಕ್ಕುಬಂದಿ ಷೆಡ್ಯೂಲ್‌ನಲ್ಲಿ ಇದೆ. ಇಂಥ ತಿಂಗಳಲ್ಲಿ ಒಂದನೇ ಪ್ರತಿವಾದಿಯ ಇಲಾಖೆ ಉತ್ತರದ ಗಡಿಯ ರಸ್ತೆಯನ್ನು ಅಗಲ ಮಾಡಿತು. ಮೊದಲು ನೀರು ರಸ್ತೆಯ ಬಲಬದಿಯ ಚರಂಡಿಯಲ್ಲಿ ಹೋಗಿ ಹಳ್ಳ ಸೇರುತ್ತಿತ್ತು. ಹೊಸ ಮೋರಿಯ ಬಾಯಿ ವಾದಿಯ ಗಡಿಯಿಂದ ಇಷ್ಟು ಅಡಿ ದೂರದಲ್ಲಿದೆ. ಮೋರಿಯಿಂದ ಹಳ್ಳದವರೆಗೆ ಚರಂಡಿ ಇಲ್ಲ. ಇಂಥ ತಾರೀಕು ಆ ನೀರು ತೋಟಕ್ಕೆ ನುಗ್ಗಿ 22 ಕಾಫಿ ಗಿಡ, 9 ಮೆಣಸು ಬಳ್ಳಿ ಹಾಳಾದವು. ಇಂಥ ತಾರೀಕು ವಾದಿ ಅರ್ಜಿ ಕೊಟ್ಟರು. ಕ್ರಮ ಆಗಲಿಲ್ಲ.' ಇಷ್ಟೇ. ಎಲ್ಲೂ ದಬ್ಬಾಳಿಕೆ ಎಂಬ ಪದ ಇಲ್ಲ. ಆದರೆ ಓದಿದವರಿಗೆ ಯಾರು, ಏನು, ಯಾವಾಗ, ಎಲ್ಲಿ ಎಲ್ಲ ಗೊತ್ತಾಗುತ್ತದೆ. ವ್ಯಾಜ್ಯಕಾರಣ ಅಂದರೆ ಇದೇ. ನಿಮಗೊಂದು ಹಕ್ಕಿದೆ, ಅದನ್ನು ಇಂಥವರು ಇಂಥ ದಿನ ಮುರಿದರು ಎಂದು ತೋರಿಸುವ ಸಂಗತಿಗಳು.

ಕೊನೆಯಲ್ಲಿ ಕೇಳಿದ ಪರಿಹಾರವೂ ಹಾಗೆಯೇ ಇರಬೇಕು. ನೀವು ಕೇಳಿದ್ದು 'ತಪ್ಪಿತಸ್ಥರಿಗೆ ತಕ್ಕ ಶಿಕ್ಷೆ, ಸೂಕ್ತ ಪರಿಹಾರ ಮತ್ತು ನ್ಯಾಯ'. ಸಿವಿಲ್ ಕೋರ್ಟ್ ಶಿಕ್ಷೆ ಕೊಡುವುದಿಲ್ಲ. 'ಸೂಕ್ತ' ಅಂದರೆ ಎಷ್ಟು ಅಂತ ಅದು ಊಹಿಸುವುದೂ ಇಲ್ಲ. ಮೋರಿಯಿಂದ ಹಳ್ಳದವರೆಗೆ ಚರಂಡಿ ಮಾಡಿಸಿ ನೀರು ತಿರುಗಿಸಬೇಕು ಅಂತ ಕೇಳಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 39ರಲ್ಲಿ ಅಂಥ ಆಜ್ಞೆಗೆ ಜಾಗ ಇದೆ. ಗಿಡಕ್ಕೆ ಇಷ್ಟು, ಮಣ್ಣು ತೆಗೆಸಿದ್ದಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ಒಂದು ಮೊತ್ತ ಕೇಳಿ. ಕೋರ್ಟ್ ಶುಲ್ಕವೂ ಆ ಮೊತ್ತದ ಮೇಲೆಯೇ ನಿಲ್ಲುತ್ತದೆ.

ಇಲ್ಲಿ ಒಂದು ಹಳೇ ಕೇಸ್ ನೆನಪಾಗುತ್ತದೆ. ನಾನು ವಕಾಲತ್ತು ಹಾಕಿದ್ದದ್ದೇ. ಗಂಡ ತೀರಿಕೊಂಡಿದ್ದ ಒಬ್ಬ ಅಮ್ಮ, ಮುಕ್ಕಾಲು ಎಕರೆ ಜಾಗ, ಇಂಥದ್ದೇ ಮೋರಿ. ವಾದಪತ್ರ ನಾಲ್ಕೇ ಪುಟ. ಜಾಗ ನೋಡಿ ವರದಿ ಕೊಡಲು ಕೋರ್ಟ್ ಕಮಿಷನರ್ ನೇಮಿಸಿ ಎಂದು ಆದೇಶ 26, ನಿಯಮ 9ರಲ್ಲಿ ಅರ್ಜಿ ಹಾಕಿದೆವು, ಅದೂ ಮಳೆ ಇರುವಾಗಲೇ ಬರಬೇಕು ಅಂತ ಕೇಳಿದೆವು. ಕಮಿಷನರ್ ರೇನ್‌ಕೋಟ್ ಹಾಕಿಕೊಂಡು ಬಂದರು. ಒಬ್ಬರು ಕೊಡೆ ಹಿಡಿದರು, ಒಬ್ಬರು ಟೇಪ್ ಹಿಡಿದರು. ಮೋರಿ ಬಾಯಿಯಿಂದ ಮನೆ ಮೆಟ್ಟಿಲವರೆಗೆ ಅಳೆದರು. ಎರಡನೇ ಮೆಟ್ಟಿಲ ಮೇಲೆ ಕೆಸರಿನ ಗೆರೆ ಇತ್ತು. ಆ ಗೆರೆಯ ಎತ್ತರವನ್ನು ಇಂಚಿನಲ್ಲಿ ಬರೆದುಕೊಂಡರು. ಆಮೇಲೆ ಆ ವರದಿಯ ಎದುರು 'ನೀರು ಬರುವುದೇ ಇಲ್ಲ' ಅಂತ ಯಾರೂ ವಾದ ಮಾಡಲಿಲ್ಲ. ಮುಂದಿನ ಬೇಸಿಗೆಯೊಳಗೆ ಚರಂಡಿ ಆಯಿತು. ಸರ್ಕಾರದ ಮೇಲಿನ ದಾವೆಯಲ್ಲಿ ರಾಜಿಗೆ ದಾರಿ ಇದ್ದರೆ ಅದಕ್ಕೆ ಕೋರ್ಟೇ ನೆರವಾಗಬೇಕು ಎಂದು ಸಂಹಿತೆಯ ಆದೇಶ 27, ನಿಯಮ 5ಬಿ ಹೇಳುತ್ತದೆ. ಆದರೆ ಆ ಮಾತುಕತೆ ಶುರುವಾಗಬೇಕಾದರೂ ಕೋರ್ಟ್ ಮುಂದೆ ಒಂದು ಮೋರಿ, ಒಂದು ಅಳತೆ ಇರಬೇಕು, ಅಲ್ವಾ?

ಇನ್ನು ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80. ಇದನ್ನು ಸುಮ್ನೆ ಒಂದು ತಾಂತ್ರಿಕ ತಕರಾರು ಅಂತ ನೋಡಬೇಡಿ. ಸರ್ಕಾರದ ಮೇಲೆ, ಅಥವಾ ಅಧಿಕಾರಿ ತನ್ನ ಹುದ್ದೆಯಲ್ಲಿ ಮಾಡಿದ ಕೆಲಸದ ಬಗ್ಗೆ ಅವರ ಮೇಲೆ ದಾವೆ ಹಾಕುವ ಮೊದಲು ಬರಹದಲ್ಲಿ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ನೋಟಿಸಿನಲ್ಲಿ ನಿಮ್ಮ ಹೆಸರು, ವಿಳಾಸ, ದಾವೆಯ ಕಾರಣ, ಏನು ಕೇಳುತ್ತೀರಿ ಎಂಬುದು ಇರಬೇಕು. ನೋಟಿಸ್ ಕೊಟ್ಟಿದ್ದೇನೆ ಅಂತ ವಾದಪತ್ರದಲ್ಲೂ ಬರೆದಿರಬೇಕು. ರಾಜ್ಯ ಸರ್ಕಾರಕ್ಕಾದರೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ತಲುಪಿಸಬೇಕು. ಎರಡು ತಿಂಗಳು ತುಂಬುವ ಮೊದಲೇ ಹಾಕಿದ ದಾವೆ ನಿಲ್ಲುವುದಿಲ್ಲ ಎಂದು 1984ರಲ್ಲಿ ಬಿಹಾರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟ್‌ಗೆ ಬರುವ ಮೊದಲೇ ಸರ್ಕಾರ ತನ್ನ ತಪ್ಪು ನೋಡಿಕೊಂಡು ಸರಿಮಾಡಲಿ ಎಂಬುದೇ ಇದರ ಉದ್ದೇಶ. ಇಲಾಖೆಗಳು ಈ ನೋಟಿಸಿಗೆ ಉತ್ತರ ಕೊಡುವುದೇ ಅಪರೂಪ, ಅದು ನಿಜ. 2005ರಲ್ಲಿ ಸುಪ್ರೀಂ ಕೋರ್ಟೇ ಇದರ ಬಗ್ಗೆ ಬೇಸರ ತೋರಿಸಿ, ನೋಟಿಸಿಗೆ ಉತ್ತರ ಕೊಡಲು ಅಧಿಕಾರಿಯನ್ನು ನೇಮಿಸಿ ಎಂದು ಸರ್ಕಾರಗಳಿಗೆ ಹೇಳಿತ್ತು. ಆದರೂ ನೀವು ನೋಟಿಸ್ ಕೊಡಲೇಬೇಕು.

ನೀವು ಕೊಟ್ಟ ಹನ್ನೊಂದು ಅರ್ಜಿಗಳು ನೋಟಿಸ್ ಆಗುವುದಿಲ್ಲವಾ? ಎಂದು ನೀವು ಕೇಳಬಹುದು. ಸೆಕ್ಷನ್ 80ರ ಮೂರನೇ ಉಪವಿಭಾಗದ ಪ್ರಕಾರ, ನೋಟಿಸಿನಲ್ಲಿ ಸಣ್ಣ ದೋಷ ಇದೆ ಅಂತ ದಾವೆ ವಜಾ ಮಾಡಬಾರದು. ಯಾರು ಕೇಳುತ್ತಿದ್ದಾರೆ, ಯಾಕೆ, ಏನು ಬೇಕು ಎಂಬುದು ಸರ್ಕಾರಕ್ಕೆ ಸಾಕಷ್ಟು ಗೊತ್ತಾದರೆ ಸಾಕು. ಆದರೆ ನಿಮ್ಮ ಅರ್ಜಿಗಳಲ್ಲಿ ದಾವೆ ಹಾಕುತ್ತೇನೆ ಎಂಬ ಮಾತಿಲ್ಲ. ಒಂದು ಅರ್ಜಿ ಮೋರಿ ಬಗ್ಗೆ, ಒಂದು ಪಹಣಿ ಬಗ್ಗೆ, ಮತ್ತೊಂದು ಶಾಸಕರಿಗೆ. ಅವನ್ನು ನಂಬಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹೊಸದಾಗಿ ಒಂದು ನೋಟಿಸ್ ಕೊಡಿ, ಸ್ಪೀಡ್ ಪೋಸ್ಟ್‌ನಲ್ಲಿ ನೋಂದಣಿ ಮಾಡಿಸಿ ಕಳಿಸಿ, ತಲುಪಿದ ಸ್ವೀಕೃತಿ ಇಟ್ಟುಕೊಳ್ಳಿ. ಜೂನ್ ಹತ್ತಿರ ಬಂದು ಎರಡು ತಿಂಗಳು ಕಾಯಲು ಆಗದಿದ್ದರೆ, ತುರ್ತು ಪರಿಹಾರಕ್ಕಾಗಿ ಕೋರ್ಟಿನ ಅನುಮತಿ ಕೇಳಿ ನೋಟಿಸ್ ಇಲ್ಲದೆಯೂ ದಾವೆ ಹಾಕಬಹುದು. ಅನುಮತಿಗೆ ಬೇರೆ ಅರ್ಜಿ ಬೇಕು, ತುರ್ತು ಏನು ಅಂತ ಅದರಲ್ಲಿ ತೋರಿಸಬೇಕು.

ಯಾರ ಮೇಲೆ ಎಂಬುದನ್ನೂ ಸರಿಮಾಡಿಕೊಳ್ಳಿ. ನೀವು ಮಂತ್ರಿಯಿಂದ ಹಿಡಿದು ಗ್ರಾಮ ಆಡಳಿತ ಅಧಿಕಾರಿಯವರೆಗೆ ಎಲ್ಲರನ್ನೂ ಪ್ರತಿವಾದಿ ಮಾಡಿದ್ದೀರಿ. ಸೆಕ್ಷನ್ 79ರ ಪ್ರಕಾರ ದಾವೆ 'ಕರ್ನಾಟಕ ರಾಜ್ಯ'ದ ಮೇಲೆ ಇರಬೇಕು. ಆದರೆ ಅದಕ್ಕೂ ಮೊದಲು ಆ ರಸ್ತೆ ಯಾರದ್ದು ಅಂತ ನಿಮ್ಮ ವಾದಪತ್ರದಲ್ಲಿ ಎಲ್ಲೂ ಇಲ್ಲ. ಗ್ರಾಮ ಪಂಚಾಯಿತಿ ರಸ್ತೆಯಾ, ಲೋಕೋಪಯೋಗಿ ರಸ್ತೆಯಾ? ಮಡಿಕೇರಿ, ಕುಶಾಲನಗರದ ಮೇಲೆ ಹೋಗುವ 275ರಂಥ ರಾಷ್ಟ್ರೀಯ ಹೆದ್ದಾರಿಯಾದರೆ ಕೇಂದ್ರ ಸರ್ಕಾರವೂ ಬರುತ್ತದೆ, ನೋಟಿಸ್ ಅಲ್ಲಿಗೂ ಹೋಗಬೇಕು. ಪಂಚಾಯಿತಿಯಾದರೆ ಅದು ಸರ್ಕಾರವಲ್ಲ, ಅದೇ ಬೇರೆ ಸಂಸ್ಥೆ. ಇದನ್ನು ಗೊತ್ತುಮಾಡಿಕೊಳ್ಳಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆ ಕೆಲಸದ ಅಂದಾಜು ಪಟ್ಟಿ, ಕಾರ್ಯಾದೇಶ, ಮೋರಿಯ ನಕ್ಷೆ ಇಷ್ಟನ್ನೇ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಆ ಅಳತೆಯೊಳಗೆ ಬರೆದು ನೋಡಿ. ವಾದಪತ್ರ ಬರೆಯಲೂ ಅದು ಒಳ್ಳೆಯ ಅಭ್ಯಾಸ.

ನಿಮ್ಮ ದಾವೆಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಮೂರು ಸಂಕಟವನ್ನು ಒಂದೇ ಮೂಟೆಗೆ ಕಟ್ಟಿದ್ದು. ಮೋರಿ ನೀರಿನ ವಿಷಯಕ್ಕೆ ಸಿವಿಲ್ ಕೋರ್ಟ್ ಸರಿಯಾದ ಜಾಗ. ಪಹಣಿಯ ಪೈಸಾರಿ ನಮೂದು ಹಾಗಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಸೆಕ್ಷನ್ 135, ಹಕ್ಕುದಾಖಲೆಯಲ್ಲಿ ನಮೂದು ಸೇರಿಸು, ತೆಗೆ, ತಿದ್ದು ಅಂತ ಸರ್ಕಾರದ ಮೇಲೆ ದಾವೆ ಹಾಕುವುದನ್ನೇ ತಡೆಯುತ್ತದೆ. ಅದಕ್ಕೆ ಸೆಕ್ಷನ್ 136ರಲ್ಲಿ ಉಪವಿಭಾಗಾಧಿಕಾರಿ ಮುಂದೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿ ಮುಂದೆ ಹೋಗಬೇಕು. ಜಾಗದ ಮಾಲೀಕತ್ವಕ್ಕೇ ತಕರಾರು ಬಂದರೆ ಆಗ ಘೋಷಣೆಯ ದಾವೆಗೆ ಸಿವಿಲ್ ಕೋರ್ಟ್ ಇದೆ. ಕೊಡಗಿನಲ್ಲಿ ಜಮ್ಮಾ, ಬಾಣೆ, ಪೈಸಾರಿ ಎಂದು ಜಾಗದ ಬಗೆಯೇ ಹಲವು, ಹಳೇ ದಾಖಲೆ ಓದಲು ಗೊತ್ತಿರುವವರು ಬೇಕು. ಈ ಭಾಗವನ್ನು ದಯವಿಟ್ಟು ನೀವೇ ಮಾಡಲು ಹೋಗಬೇಡಿ. 2018ರ ಲೈನ್‌ಮನೆ ಪರಿಹಾರದ್ದು ಮೂರನೇ ದಾರಿ. ಅದು ಸರ್ಕಾರದ ಪರಿಹಾರ ಆದೇಶದ ಕೆಳಗೆ ಬರುವ ಹಣ. ಅರ್ಜಿ ತಳ್ಳಿಹಾಕಿದ ಹಿಂಬರಹ ಇದ್ದರೆ ಅದನ್ನು ಹೈಕೋರ್ಟಿನಲ್ಲಿ ರಿಟ್ ಅರ್ಜಿಯಲ್ಲಿ ಕೇಳಬಹುದು. ಇಷ್ಟು ತಡವಾದದ್ದಕ್ಕೆ ಅಲ್ಲಿ ಕಾರಣ ಕೊಡಬೇಕಾಗುತ್ತದೆ.

ತಡ ಅಂದೆನಲ್ಲ, ಕಾಲಾವಧಿಯ ಮಾತನ್ನೂ ಹೇಳಬೇಕು. ಸರ್ಕಾರದ ವಕೀಲರು 1963ರ ಕಾಲಪರಿಮಿತಿ ಕಾಯ್ದೆಯ ಅನುಚ್ಛೇದ 72 ತೆಗೆಯಬಹುದು. ಕಾನೂನಿನ ಅಧಿಕಾರದಲ್ಲಿ ಮಾಡಿದ್ದು ಎನ್ನಲಾದ ಕೆಲಸಕ್ಕೆ ನಷ್ಟ ಕೇಳಲು ಅಲ್ಲಿ ಒಂದೇ ವರ್ಷ. ನಿಮ್ಮ ಕಡೆಯಿಂದ ಹೇಳಬೇಕಾದದ್ದು ಸೆಕ್ಷನ್ 22: ನಿಲ್ಲದೆ ನಡೆಯುತ್ತಿರುವ ತಪ್ಪಿಗೆ ಅವಧಿಯೂ ಹೊಸದಾಗಿ ಎಣಿಕೆಯಾಗುತ್ತಲೇ ಇರುತ್ತದೆ. ಮೋರಿ ಅಲ್ಲೇ ಇದೆ, ನೀರು ಪ್ರತಿ ಮಳೆಗೂ ಬರುತ್ತಿದೆ. ಅದಕ್ಕೇ ಹಳೇ ವರ್ಷಗಳ ಕಥೆಗಿಂತ ಕಳೆದ ಮಳೆಗಾಲದ ಲೆಕ್ಕವನ್ನು ಮುಂದಿಡಿ. ನೋಟಿಸಿನ ಎರಡು ತಿಂಗಳನ್ನು ಅವಧಿ ಎಣಿಸುವಾಗ ಬಿಡುತ್ತಾರೆ, ಸೆಕ್ಷನ್ 15ರಲ್ಲಿ ಇದೆ.

ಕೋರ್ಟ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಕೋರ್ಟ್‌ಗಳಲ್ಲಿ ವಾದಪತ್ರಗಳು ಬಿಗಿಯಾಗಿ ಬರೆದಿರುವುದಿಲ್ಲ, ಅವನ್ನು ಕೂದಲು ಸೀಳುವಂತೆ ನೋಡಿ ನಿಜವಾದ ಹಕ್ಕನ್ನು ಹೊಸಕಬಾರದು ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ವಾದಪತ್ರವನ್ನು ಅರ್ಧ ತಿರಸ್ಕರಿಸಿ ಅರ್ಧ ಇಟ್ಟುಕೊಳ್ಳಲು ಆಗುವುದಿಲ್ಲ, ಒಂದು ಭಾಗಕ್ಕೆ ಜೀವ ಇದ್ದರೂ ಅದು ಉಳಿಯಬೇಕು ಎಂದು 2019ರಲ್ಲಿ ಮತ್ತೆ ಸ್ಪಷ್ಟ ಮಾಡಿದೆ. ಪುಟ 19ರ ಆ ಹಾಳೆಯನ್ನು ವಾದಪತ್ರದ ಜೊತೆ ಸೇರಿಸಿ ಓದಿದ್ದರೆ ಮೋರಿಯ ವಿಷಯವಾದರೂ ಉಳಿಯುತ್ತಿತ್ತೇನೋ. ಆದರೆ ನೋಟಿಸ್ ಇಲ್ಲದ ದೋಷ ಇದರಿಂದ ಮುಚ್ಚುವುದಿಲ್ಲ. ಅದಕ್ಕೇ ಮೇಲ್ಮನವಿಗಿಂತ ಹೊಸ ದಾವೆಯೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಮೇಲ್ಮನವಿಯ ಬಾಗಿಲನ್ನು ಮಾತ್ರ ಮುಚ್ಚಬೇಡಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ವಕೀಲರಿಲ್ಲದೆ ವಾದಿಸುವುದು ನಿಮ್ಮ ಹಕ್ಕು, ಅದಕ್ಕಾಗಿ ಯಾರೂ ತಿರಸ್ಕರಿಸಲು ಆಗುವುದಿಲ್ಲ. ಆದರೆ ನೀವು ಒಬ್ಬರೇ ಹೋಗಬೇಕಾಗಿರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಲ್ಲಿ ಉಚಿತ ವಕೀಲರು ಯಾರಿಗೆ ಸಿಗುತ್ತಾರೆ ಅಂತ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಮಿತಿಯೊಳಗಿನವರಿಗೆ, ಜೊತೆಗೆ ದೊಡ್ಡ ವಿಪತ್ತು, ಪ್ರವಾಹದಲ್ಲಿ ನೊಂದವರಿಗೆ. ತೋಟದ ಪಹಣಿಯಲ್ಲಿ ನಿಮ್ಮ ಪತ್ನಿಯ ಹೆಸರೂ ಜಂಟಿಯಾಗಿದೆ ಅಂತ ಮೂರನೇ ಪುಟದಲ್ಲಿ ಬರೆದಿದ್ದೀರಿ. ಹಾಗಾದರೆ ಅವರೂ ವಾದಿಯಾಗುವುದು ಒಳ್ಳೆಯದು, ಮತ್ತು ಅವರಿಗೆ ಆದಾಯ ನೋಡದೆ ಈ ಸಹಾಯ ಸಿಗುತ್ತದೆ. ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಡಿಕೇರಿಯಲ್ಲಿದೆ. ಫೋನ್ ಮಾಡುವುದಾದರೆ 15100. ದಾವೆ ದಾಖಲು ಮಾಡುವ ದಿನವೇ ಯಾರಾದರೂ ನಿಮಗೆ ಇದನ್ನು ಹೇಳಬೇಕಿತ್ತು. ಎರಡು ಬಸ್ ಬದಲಿಸಿ ಬಂದು, ಬರೆದ ಕಟ್ಟು ಕೈಯಲ್ಲಿ ಹಿಡಿದು ನಿಂತವರಿಗೆ ಇಷ್ಟು ಹೇಳದೆ ಕಳಿಸುವುದು ನನಗೆ ತುಂಬಾ ನೋವು ಕೊಡುತ್ತದೆ.

ಕನ್ನಡದ ಬಗ್ಗೆ ಕೇಳಿದ್ದೀರಿ. ನಮ್ಮ ಜಿಲ್ಲಾ, ತಾಲ್ಲೂಕು ಕೋರ್ಟ್‌ಗಳ ಭಾಷೆ ಕನ್ನಡವೇ. ಮುಂದಿನದನ್ನೂ ಕನ್ನಡದಲ್ಲೇ ಬರೆಯಿರಿ, ಮೂರ್ನಾಲ್ಕು ಪುಟದಲ್ಲಿ ಮುಗಿಸಿ.

ಈಗ ಮೇಲ್ಮನವಿ. ವಾದಪತ್ರ ತಿರಸ್ಕಾರವನ್ನು ಕಾನೂನು ಡಿಕ್ರಿ (ದಾವೆಯಲ್ಲಿ ಕೋರ್ಟ್ ಕೊಡುವ ತೀರ್ಮಾನ) ಎಂದೇ ಎಣಿಸುತ್ತದೆ, ಆದ್ದರಿಂದ ಮೇಲಿನ ಕೋರ್ಟ್‌ಗೆ ಹೋಗಬಹುದು. ಜಿಲ್ಲೆಯೊಳಗಿನ ಮೇಲ್ಮನವಿಗೆ 30 ದಿನ. ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಇದರಿಂದ ಕಳೆಯುತ್ತಾರೆ. ಹೊಸ ದಾವೆಗೆ ಹೋದರೂ ಆ ನಕಲು ಬೇಕೇ ಬೇಕು. ಅದನ್ನು ಓದಿದ ಮೇಲೆ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಮೇಲ್ಮನವಿಯೇ ಸರಿ ಎಂದರೆ ಅವರ ಮಾತು ಕೇಳಿ, ನನ್ನ ಕಣ್ಣಿಗೆ ಆದೇಶ ಬಿದ್ದಿಲ್ಲ.

ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಆದೇಶ ಆದ ತಾರೀಕು ಮಾತ್ರ ಇಲ್ಲ. ಇವತ್ತು ರಾತ್ರಿಯೇ ಕಾಗದ ಹುಡುಕಿ ಆ ತಾರೀಕು ನೋಡಿ, ಮಳೆ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ನಕಲಿಗೆ ಅರ್ಜಿ ಹಾಕಿ. ಮಳೆ ಪುಸ್ತಕ ಜೊತೆಯಲ್ಲಿರಲಿ, ಜೆರಾಕ್ಸ್ ಅಲ್ಲ, ಪುಸ್ತಕವೇ.